ಖಾಲಿ ಇಡಬಾರದ ಅಚ್ಚು

ಮೇ ತಿಂಗಳ ಮೊದಲ ವಾರದ ಬಿರುಗಾಳಿಗೆ ನಮ್ಮ ಶೆಡ್ಡಿನ ತಗಡುಗಳು ಹಾರಿಹೋದವು. ರಾಯಚೂರಿನಿಂದ ಯರಗೇರಾ ಕಡೆಗೆ ಹೋಗುವ ರಸ್ತೆಯ ಬದಿಗೆ ನನ್ನ ಫೈಬರ್ ಶೆಡ್ಡು. ವರ್ಷವಿಡೀ ನೀರಿನ ಟ್ಯಾಂಕು, ಬಚ್ಚಲಮನೆಯ ಬಾಗಿಲು, ದನಗಳಿಗೆ ನೀರಿಡುವ ತೊಟ್ಟಿ ಮಾಡುತ್ತೇವೆ. ಬೇಸಿಗೆ ಬಂತೆಂದರೆ ದೋಣಿ. ದೇವದುರ್ಗದ ಕಡೆ ಕೃಷ್ಣೆ, ಮಾನ್ವಿಯ ಕಡೆ ತುಂಗಭದ್ರೆ. ಎರಡೂ ದಂಡೆಯ ಮೀನುಗಾರರು, ಅಂಬಿಗರು ನಮ್ಮಲ್ಲಿಗೇ ಬರುತ್ತಾರೆ. ಗಾಳಿ ನಿಂತ ಮೇಲೆ ಹೋಗಿ ನೋಡಿದರೆ ಟ್ಯಾಂಕಿನ ಅಚ್ಚುಗಳು ಒಂದರ ಮೇಲೊಂದು ಮಗುಚಿ ಬಿದ್ದಿದ್ದವು. ಅವುಗಳ ಚಿಂತೆ ನನಗಿರಲಿಲ್ಲ, ಹಾಳಾದರೆ ಮತ್ತೆ ಮಾಡಿಕೊಳ್ಳಬಹುದು. ನಾನು ನೇರ ಮೂಲೆಗೆ ಓಡಿದೆ. ಅಲ್ಲಿ ಕೌದಿ ಹೊದಿಸಿದ ದೋಣಿಯ ಅಚ್ಚಿತ್ತು. ಅದರ ಮೇಲೆ ಚಾಚಾ ಎರಡೂ ಕೈ ಚಾಚಿ ಬೋರಲಾಗಿ ಮಲಗಿದ್ದರು.

"ಏನೂ ಆಗಿಲ್ಲ ಬೇಟಾ," ಎಂದರು, ಏಳದೆಯೇ. "ಆದ್ರ ನಾಳಿ ಬಿಸಲು ಬೀಳ್ತದ."

ಚಾಚಾ ನನಗೆ ರಕ್ತಸಂಬಂಧಿಯಲ್ಲ, ನಮ್ಮ ಶೆಡ್ಡಿನ ಉಸ್ತಾದ್. ಮನೆಯಲ್ಲಿ ದಖ್ಖನಿ, ನಮ್ಮೊಂದಿಗೆ ಕನ್ನಡ. ಲೈಸೆನ್ಸು, ಬೋರ್ಡು ಎಲ್ಲ ನನ್ನ ಹೆಸರಿನಲ್ಲಿದ್ದರೂ ಕೈ ಅವರದು. ಒಂದು ಚಳಿಗಾಲ ಪೂರ್ತಿ ಕೂತು ಅವರು ಕಟ್ಟಿಗೆಯಲ್ಲಿ ಒಂದು ದೋಣಿ ಕಟ್ಟಿದ್ದರು. ಅದಕ್ಕೆ ಪುಟ್ಟಿ ಮೆತ್ತಿ, ನೀರು ಹಚ್ಚಿ ಹಚ್ಚಿ ಉಜ್ಜುಕಾಗದದಿಂದ ತಿಕ್ಕಿ, ಕೊನೆಗೆ ಅದರಲ್ಲೇ ಮುಖ ನೋಡಿಕೊಂಡು ಗಡ್ಡ ಕತ್ತರಿಸಿಕೊಂಡರು. ಆ ಕಟ್ಟಿಗೆಯ ದೋಣಿಯ ಮೇಲೆ ಫೈಬರ್ ಹೊದಿಸಿ ತೆಗೆದದ್ದೇ ಈ ಅಚ್ಚು. ತೆಗೆಯುವಾಗ ಕಟ್ಟಿಗೆಯದು ನಡುವಿಗೇ ಸೀಳಿತು. ಆಮೇಲೆ ಅವರ ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದಕ್ಕೆ ಪೊರೆ ಬಂತು. "ಇಂಥಾದ್ದು ಇನ್ನೊಂದು ನನ್ನ ಕಡಿಂದ ಆಗಲ್ಲ," ಎಂದು ಒಮ್ಮೆ ಮಾತ್ರ ಹೇಳಿದ್ದರು. ನನ್ನ ಕೈಯಿಂದಂತೂ ಈ ಜನ್ಮದಲ್ಲಿ ಆಗುವುದಲ್ಲ.

ಅಚ್ಚೆಂದರೆ ನೋಡಲಿಕ್ಕೆ ದೋಣಿಯಂಥದೇ ದೊಡ್ಡ ಪಾತ್ರೆ. ಒಳಮೈಗೆ ಮೇಣ ಉಜ್ಜಿ, ರಾಳದಲ್ಲಿ ತೊಯ್ಸಿದ ಗಾಜಿನ ನೂಲಿನ ಹಾಸುಗಳನ್ನು ಪದರ ಪದರವಾಗಿ ಹಾಸಿ, ಗಟ್ಟಿಯಾದ ಮೇಲೆ ಎಬ್ಬಿಸಿದರೆ ದೋಣಿ. ಅಚ್ಚಿನ ಒಳಗೆ ಒಂದು ಗೀರಿದ್ದರೆ ಮುಂದೆ ಹುಟ್ಟುವ ಎಲ್ಲ ದೋಣಿಗಳಿಗೂ ಆ ಗೀರು. ಅಚ್ಚು ಒಂದು ಬೆರಳು ಸೊಟ್ಟಗಾದರೆ ದೋಣಿ ನೀರಿನಲ್ಲಿ ಒಂದೇ ಕಡೆ ಎಳೆಯುತ್ತದೆ. ಅದಕ್ಕೇ ಚಾಚಾ ಅದನ್ನು ಜೋಪಾನ ಮಾಡುವ ರೀತಿಗೆ ನಾವೆಲ್ಲ ಹಿಂದಿನಿಂದ ನಗುತ್ತಿದ್ದೆವು. ಬಿಸಿಲು ತಾಕಬಾರದು. ಅಡಿಯ ಕಟ್ಟಿಗೆಯ ಆಸರೆಗಳು ಒಂದೇ ಮಟ್ಟದಲ್ಲಿರಬೇಕು. ಪ್ಲಾಸ್ಟಿಕ್ ತಾಡಪತ್ರಿ ಹೊದಿಸಬಾರದು, ಒಳಗೆ ಬೆವರುತ್ತದೆ. ಹಳೇ ಸೀರೆಗಳ ಕೌದಿಯೇ ಆಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅಚ್ಚು ಖಾಲಿ ಇರಬಾರದು. ಕೊನೆಯ ದೋಣಿಯನ್ನು ಎಬ್ಬಿಸದೆ ಒಳಗೇ ಬಿಡಬೇಕು. ಸಂಜೆ ಟಿಫಿನ್ ಡಬ್ಬಿ ಕೈಗೆತ್ತಿಕೊಂಡು ಹೊರಡುವ ಮೊದಲು ಕಣ್ಣು ಮಂಜಾದ ಅವರು ನನ್ನನ್ನು ಕೇಳುತ್ತಿದ್ದರು: "ಒಳಗ ಅದ ಏನು?" ನಾನು "ಅದ ಚಾಚಾ" ಎನ್ನುತ್ತಿದ್ದೆ. ಕೌದಿ ಸರಿಸಿ ನೋಡದೆ ನನ್ನ ಮಾತಿನ ಮೇಲೇ ಮನೆಗೆ ಹೋಗುತ್ತಿದ್ದರು.

ತಗಡು ಹೊದಿಸಲಿಕ್ಕೆ ತಿಂಗಳಾದರೂ ಬೇಕಿತ್ತು. ರಾಯಚೂರಿನ ಮೇ ಬಿಸಿಲಿನಲ್ಲಿ ಅಚ್ಚನ್ನು ಮೂರು ದಿನ ಬಿಟ್ಟರೂ ಮುಗಿಯಿತು. ಮಾನ್ವಿಯಲ್ಲಿ ನಮ್ಮ ಸೋದರತ್ತೆಯ ಅಕ್ಕಿ ಗಿರಣಿ ನೆನಪಾಯಿತು. ಎತ್ತರದ ಮಾಡು, ದಪ್ಪ ಕಲ್ಲಿನ ಗೋಡೆ, ಒಳಗೆ ಕಾಲಿಟ್ಟರೆ ತಂಪು. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮೊಣಕಾಲುದ್ದ ಹುಲ್ಲು ಹಾಸಿ, ಅದರ ಮೇಲೆ ದೋಣಿ ಸಮೇತ ಅಚ್ಚನ್ನಿಟ್ಟು ಬೆಳಗ್ಗೆ ಹೊರಟೆವು. ಚಾಚಾ ಅಚ್ಚಿನ ಅಂಚಿನ ಮೇಲೆ ಅಂಗೈ ಇಟ್ಟು ಹುಲ್ಲಿನಲ್ಲೇ ಕೂತರು. ರಸ್ತೆಯ ಪ್ರತಿ ಉಬ್ಬಿಗೂ ಅವರು "ಆಹಿಸ್ತಾ!" ಎಂದು ಕೂಗುವುದು, ಚಾಲಕ ಹಲ್ಲು ಕಡಿಯುವುದು, ನಾನು ಇಬ್ಬರ ನಡುವೆ ಸಮಾಧಾನ ಹೇಳುವುದು. ಮಾನ್ವಿ ಮುಟ್ಟುವಷ್ಟರಲ್ಲಿ ನನ್ನ ಅಂಗಿ ತೊಯ್ದು ತೊಪ್ಪೆಯಾಗಿತ್ತು.

ಗಿರಣಿ ಮಗನ ಕೈಗೆ ಬಂದಿದ್ದರೂ ಅಧಿಕಾರ ಅತ್ತೆಯದೇ. ಪ್ರತಿ ಅಮಾವಾಸ್ಯೆಗೆ ಎಲ್ಲ ಯಂತ್ರಗಳಿಗೂ ಆಕೆಯೇ ವಿಭೂತಿ ಹಚ್ಚಿ ಕಾಯಿ ಒಡೆಯಬೇಕು, ಇಲ್ಲದಿದ್ದರೆ ಬಟನ್ ಒತ್ತುವಂತಿಲ್ಲ. ಅಚ್ಚನ್ನು ಸುತ್ತ ತಿರುಗಿ ನೋಡಿದಳು.

"ದೋಣಿ ಮಾಡೀರಿ, ಮತ್ತ ಹೊರಗ ತಗೀಲಾರದ ಯಾಕ ಬಿಟ್ಟೀರಿ?"

"ಯವ್ವಾ, ಅಚ್ಚು ಖಾಲಿ ಇಡಬಾರದ್ರಿ," ಎಂದರು ಚಾಚಾ. "ಒಳಗ ತುಂಬಿದ್ರ ಧೂಳು ಕುಂದ್ರಂಗಿಲ್ಲ, ಗೀರು ಬೀಳಂಗಿಲ್ಲ, ಮೈ ಸೊಟ್ಟ ಆಗಂಗಿಲ್ಲ."

ಅತ್ತೆಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. "ಖರೇ ಅದ ಬಿಡಪಾ. ಖಾಲಿ ತೊಟ್ಟಲಾ ತೂಗಬಾರದು. ನಮ್ಮ ಹಿರ್ಯಾರು ಹಗೇವು ಬರಿದು ಮಾಡಿದ್ರೂ ಒಂದು ಬೊಗಸಿ ಕಾಳು ಒಳಗ ಬಿಟ್ಟ ಬಾಯಿ ಮುಚ್ಚತಿದ್ರು." ಹಗೇವು ಎಂದರೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿ. ಈಗ ಗುಂಡಿಯೂ ಇಲ್ಲ, ಮಾತು ಮಾತ್ರ ಉಳಿದಿದೆ.

"ನಮ್ಮಲ್ಲೂ ಮಂದಿ ಡಬ್ಬಿ ಖಾಲಿ ವಾಪಸ್ ಕೊಡಂಗಿಲ್ರಿ," ಎಂದರು ಚಾಚಾ.

"ನಾ ಇರೋತನಕ ಖಾಲಿ ಇಡಂಗಿಲ್ಲ, ಚಿಂತಿ ಮಾಡಬ್ಯಾಡ," ಎಂದು ಅತ್ತೆ ಮಾತು ಕೊಟ್ಟಳು. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದು ಕಂಡು ನನಗೆ ನಗು ಬಂತು. ಆ ಮಾತು ಮುಂದೆ ನನ್ನ ಕೊರಳಿಗೇ ಬರುತ್ತದೆಂದು ಆಗ ಹೊಳೆಯಲಿಲ್ಲ.

ಮುಂದಿನ ವಾರ ಚಾಚಾರ ಉಳಿದ ಕಣ್ಣಿನ ಪೊರೆ ತೆಗೆದರು. ಧೂಳು, ಪ್ರಯಾಣ ಎರಡೂ ಕೂಡದೆಂದು ಡಾಕ್ಟರ್ ಹೇಳಿದ್ದರಿಂದ ಅವರು ಮನೆಯಲ್ಲೇ ಇದ್ದರು. ಸಂಜೆ ನಾನು ಹೋಗಿ ಕೂಡುತ್ತಿದ್ದೆ. ಚಹಾ ಕುಡಿದು ಏಳುವಾಗ ಅದೇ ಪ್ರಶ್ನೆ.

"ಒಳಗ ಅದ ಏನು?"

"ಅದ ಚಾಚಾ. ಅತ್ತಿ ಕಾವಲ ಕುಂತಾಳ."

ಆಗ ಇದು ನಿಜವಾಗಿತ್ತು.

ಮೇ ಕೊನೆಗೆ ಮಸರಕಲ್ ದಾಟಿ ಹೊಳೆದಂಡೆಯ ಒಂದು ಹಳ್ಳಿಯಿಂದ ಅಂಬಿಗನೊಬ್ಬ ಬಂದ. ಹಳೆಯ ಗಿರಾಕಿ. ಅವನ ದೋಣಿಯ ತಳ ಬಂಡೆಗೆ ಬಡಿದು ಸೀಳಿತ್ತು. ಹೊಳೆಯ ನಡುಗಡ್ಡೆಯಲ್ಲಿ ಹೊಲವಿರುವ ಜನ ಅವನ ದೋಣಿಯಲ್ಲೇ ದಾಟಬೇಕು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುವುದರೊಳಗೆ ಹೊಸದು ಬೇಕಿತ್ತು. ಶೆಡ್ಡಿನ ಮೇಲೆ ತಗಡಿಲ್ಲ, ಉಸ್ತಾದ್ ಹಾಸಿಗೆ ಹಿಡಿದಿದ್ದಾರೆ ಎಂದೆ. ಅವನು ಹೋಗಲಿಲ್ಲ. ತಲೆಯ ಮೇಲಿನ ಟವಲ್ ತೆಗೆದು ಮೊಣಕಾಲ ಮೇಲೆ ಹಾಕಿಕೊಂಡು ಕೂತೇಬಿಟ್ಟ.

"ಸಾವ್ಕಾರ್ರ, ನಿಮ್ಮಿಂದ ಆಗಲಾರದ್ದು ಏನದರಿ?"

ಅವನನ್ನು ಕಂಡು ಮರುಗಿ ಕೊಟ್ಟೆ ಎಂದು ಬರೆದುಕೊಂಡರೆ ಚೆನ್ನಾಗಿ ಕಾಣುತ್ತದೆ. ಆದರೆ ಮರುಕ ಅರ್ಧ ಮಾತ್ರ. ಇನ್ನರ್ಧ ಆ "ಸಾವ್ಕಾರ್ರ" ಎಂಬ ಮಾತು. ಎಲ್ಲದಕ್ಕೂ ಉಸ್ತಾದರನ್ನೇ ಕೇಳಿ ಬದುಕಿದವನು ನಾನು. ಅವರಿಲ್ಲದೆ ಒಂದು ತೀರ್ಮಾನ ಮಾಡಬೇಕು ಅನ್ನಿಸಿತು. ಮಾನ್ವಿಯಲ್ಲಿ ಸಿದ್ಧವಾದ ದೋಣಿ ಇದ್ದೇ ಇದೆ. ಅದನ್ನು ಎಬ್ಬಿಸಿ ಕೊಟ್ಟು, ವಾರದೊಳಗೆ ಸಾಮಾನು ಒಯ್ದು ಅಲ್ಲೇ ಇನ್ನೊಂದು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದೆ.

ದೋಣಿ ಎಬ್ಬಿಸುವ ಕೆಲಸವನ್ನು ಮಾತ್ರ ತಪ್ಪಿಲ್ಲದೆ ಮಾಡಿದೆ. ಸುತ್ತ ಕಟ್ಟಿಗೆಯ ಬೆಣೆ ಇಟ್ಟು, ಸಂದಿಗೆ ನೀರು ಹನಿಸಿ, ಅಂಗೈಯಿಂದ ತಟ್ಟುತ್ತ ತಟ್ಟುತ್ತ ಬಿಡಿಸಿದೆ. ಬರಿದಾದ ಅಚ್ಚಿಗೆ ದಪ್ಪಗೆ ಮೇಣ ಬಳಿದೆ. ಬಳಿದ ಮೇಣವನ್ನು ಅರ್ಧ ದಿನ ಉಜ್ಜಿ ಹೊಳಪು ತರಬೇಕು. ಅಂಬಿಗ ಗಾಡಿ ತಂದು ಕಾಯುತ್ತಿದ್ದ, ನನಗೂ ಬೇಸರ ಬಂದಿತ್ತು, ಹಾಗೇ ಬಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಲ್ಲಪಾ, ಖಾಲಿ ಇಡಬಾರದು ಅಂದಿದ್ನಲ್ಲ ನಿಮ್ಮ ಉಸ್ತಾದ?"

"ವಾರದಾಗ ಬಂದು ಇನ್ನೊಂದು ಹಾಕ್ತೀನಿ ಅತ್ತಿ. ಅಲ್ಲೀತನಕ ನೀನ ನೋಡಕೋ," ಎಂದು ಗಾಡಿ ಹತ್ತಿದೆ.

ವಾರ ಹೋಗಿ ಮೂರು ವಾರವಾಯಿತು. ತಗಡಿನವನು ಇವತ್ತು ನಾಳೆ ಎಂದ, ರಾಳದ ಡ್ರಮ್ ಬರುವುದು ತಡವಾಯಿತು, ಬಿಸಿಲಿಗೆ ನನಗೇ ಜ್ವರ ಬಂತು. ಕಾರಣಗಳಿಗೇನು ಬರ. ಪ್ರತಿ ಸಂಜೆ ಚಾಚಾ ಕೇಳಿದರು, ಪ್ರತಿ ಸಂಜೆ ನಾನು "ಅದ" ಎಂದೆ. ಮೊದಲ ದಿನ ನಾಲಿಗೆ ತಡವರಿಸಿತು. ನಾಲ್ಕನೆಯ ದಿನಕ್ಕೆ ಸಲೀಸಾಯಿತು. ನನಗೆ ನನ್ನ ಮೇಲೆ ಹೇಸಿಗೆ ಹುಟ್ಟಿದ್ದು ಆ ಸಲೀಸು ಕಂಡು.

ಜೂನ್ ಮೂರನೆಯ ವಾರ ಡಾಕ್ಟರ್ ಚಾಚಾಗೆ ತಿರುಗಾಡಲು ಒಪ್ಪಿಗೆ ಕೊಟ್ಟರು. ಕಣ್ಣು ಬಂದಿತ್ತು, ಆದರೆ ಪೂರ್ತಿ ಅಲ್ಲ. ಮನುಷ್ಯರ ಆಕಾರ ಕಾಣುತ್ತಿತ್ತು, ಗೀರು ಕಾಣುತ್ತಿರಲಿಲ್ಲ. ಮರುದಿನವೇ ಮಾನ್ವಿಗೆ ಹೋಗೋಣವೆಂದರು. ಗಿರಣಿಗೆ ಫೋನ್ ಮಾಡಿ ಏನಾದರೂ ಹೂಡೋಣವೆಂದುಕೊಂಡೆ, ಏನು ಹೂಡಲಿ? ದೋಣಿಯೇನು ಬಾಡಿಗೆಗೆ ಸಿಗುತ್ತದೆಯೇ? ಬಸ್ಸಿನಲ್ಲಿ ಅವರು ಕಿಟಕಿ ಪಕ್ಕ ಕೂತು, ಕಪ್ಪು ಕನ್ನಡಕದೊಳಗಿನಿಂದ ಹೊರಗೆ ನೋಡುತ್ತ, "ಹಸರು ಕಾಣಾಕತ್ತದ ಬೇಟಾ," ಎಂದು ಖುಷಿಪಟ್ಟರು. ಮೂರು ಸಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಮೂರು ಸಲವೂ ಕಂಡಕ್ಟರನೋ, ಹಾರನ್ನೋ, ನನ್ನ ಅಂಜುಬುರುಕತನವೋ ಅಡ್ಡ ಬಂತು. "ಯಾಕ ಸುಮ್ನ ಕುಂತಿ?" ಎಂದು ಅವರು ಕೇಳಿದಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ ಇತ್ತು.

ಗಿರಣಿಯ ಮೂಲೆಯಲ್ಲಿ ಅಚ್ಚು ಕೌದಿ ಹೊದ್ದೇ ಇತ್ತು. ಆದರೆ ಕೌದಿ ನಡುವೆ ಉಬ್ಬಿತ್ತು. ಬರಿದಾದ ಅಚ್ಚಿನ ಮೇಲೆ ಅದು ಜೋತು ಬಿದ್ದಿರಬೇಕಿತ್ತು. ಅತ್ತೆ ಸೆರಗು ಸರಿಮಾಡಿಕೊಂಡು ನಗುನಗುತ್ತ ಮುಂದೆ ಬಂದು ತಾನೇ ಕೌದಿ ಎಳೆದಳು.

ಅಚ್ಚಿನ ತುಂಬ ಭತ್ತ. ಅಂಚಿನವರೆಗೆ, ಅಂಚಿಗಿಂತ ಮೇಲೆ ಗೋಪುರ. ತುದಿಯಲ್ಲಿ ಅರಿಶಿನ ಕುಂಕುಮ ಹಚ್ಚಿದ ತೆಂಗಿನಕಾಯಿ.

"ಇವ ದೋಣಿ ತಗೊಂಡು ಹೋದ. ನಿನಗ ಮಾತು ಕೊಟ್ಟಿದ್ನಲ್ಲ," ಎಂದಳು ಅತ್ತೆ ಚಾಚಾಗೆ. "ಅಮಾಸಿ ದಿನ ನಾನ ನಿಂತು ತುಂಬಿಸೀನಿ. ಹಳೀದು ಹಾಕಬಾರದು ಅಂತ ಆಗ ಕೊಯ್ದ ಹೊಸಾ ಭತ್ತನ ಹಾಕಿಸೀನಿ. ಹನ್ನೊಂದು ಚೀಲ ಹಿಡೀತು ನೋಡಪಾ."

ಆ ಮುದುಕಿಯ ಮುಖದಲ್ಲಿದ್ದ ಹಿಗ್ಗನ್ನು ನಾನು ಸಾಯುವವರೆಗೂ ಮರೆಯಲಾರೆ. ಹನ್ನೊಂದು ಚೀಲದ ಭಾರ ಆ ಅಚ್ಚು ಹೊರುವಂಥದ್ದಲ್ಲ. ಭತ್ತದ ಹೊಟ್ಟು ಮುಟ್ಟಿದರೆ ಮರಳಿನ ಹಾಗೆ ತರಿ. ಸಾಲದ್ದಕ್ಕೆ ಸರಿಯಾಗಿ ಒಣಗದ ಹೊಸ ಭತ್ತ. ಗುಡ್ಡೆ ಹಾಕಿದರೆ ಒಳಗೊಳಗೇ ಕಾವೇರುತ್ತದೆಂದು ಗಿರಣಿಯವಳಾದ ಅತ್ತೆಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಅದು ಆಕೆಗೆ ಗುಡ್ಡೆಯಾಗಿರಲಿಲ್ಲ, ಉಡಿ ತುಂಬಿದ ಹಾಗಿತ್ತು.

ಚಾಚಾ ಕನ್ನಡಕ ತೆಗೆದರು. ಅಂಗಿಯ ತೋಳು ಮಡಚಿ ಭತ್ತದೊಳಗೆ ಮೊಣಕೈವರೆಗೆ ಕೈ ಇಳಿಸಿದರು. ಹುಳಿ ವಾಸನೆ ಎದ್ದಿತು. ಕೈಯನ್ನು ಅಲ್ಲೇ ಬಿಟ್ಟು ಎಷ್ಟೋ ಹೊತ್ತು ನಿಂತರು.

"ಬಿಸಿ ಅದ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ದೋಣಿ ಯಾವಾಗ ಹೋತು?"

"ಮೂರು ವಾರ ಆತ್ರಿ ಚಾಚಾ."

ಅವರು ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಬೈಯಲಿಲ್ಲ. ಅಷ್ಟರಲ್ಲಿ ಅತ್ತೆಯ ಮುಖ ಇಳಿದಿತ್ತು. ಏನೋ ಕೆಟ್ಟಿದೆ ಎಂದು ಗೊತ್ತಾಗಿ ಹಮಾಲರನ್ನು ಕೂಗಿದಳು. ಇಬ್ಬರು ಕಬ್ಬಿಣದ ಸಲಿಕೆ ಹಿಡಿದು ಓಡಿಬಂದರು.

"ಸಲಿಕಿ ಬ್ಯಾಡ!" ಚಾಚಾ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹಮಾಲರು ನಿಂತಲ್ಲೇ ನಿಂತರು. "ಕೈಲೆ ತಗೀರಿ. ಬೊಗಸಿಲೆ. ಎಳೀಬ್ಯಾಡ್ರಿ, ಸವರಬ್ಯಾಡ್ರಿ. ಎತ್ತರಿ."

ನಾನು ಬಗ್ಗಿ ಅಡಿಯಲ್ಲಿ ನೋಡಿದೆ. ನಡುವಿನ ಒಂದು ಆಸರೆ ಭಾರಕ್ಕೆ ಪಕ್ಕಕ್ಕೆ ಜಾರಿ ಬಿದ್ದಿತ್ತು. ಅಲ್ಲಿ ಅಚ್ಚಿನ ಹೊಟ್ಟೆ ಗಾಳಿಯಲ್ಲೇ ಜೋತಿತ್ತು. ಹೇಳಿದೆ. ಚಾಚಾ ಕಣ್ಣು ಮುಚ್ಚಿ ಒಂದು ಕ್ಷಣ ಯೋಚಿಸಿ, ಮೊದಲು ನಡುವಿನಿಂದ, ಆಮೇಲೆ ಎರಡೂ ತುದಿಯಿಂದ ಒಟ್ಟಿಗೆ ತೆಗೆಯಬೇಕೆಂದರು. ಒಂದೇ ಕಡೆ ಹಗುರವಾದರೆ ಅಚ್ಚು ತಿರುಚಿಕೊಂಡು ಸೀಳುತ್ತದೆ. ಗಿರಣಿಯ ಹೆಣ್ಣಾಳುಗಳು, ಹಮಾಲರು, ನಾನು, ಎರಡೂ ಬದಿಗೆ ನಿಂತೆವು. ಬಳೆ ಹಾಕಿಕೊಂಡವರು ಬಳೆ ತೆಗೆದಿಟ್ಟರು. ಅತ್ತೆ ಯಾರೂ ಹೇಳದೆಯೇ ಬಂದು ನನ್ನ ಪಕ್ಕ ನಿಂತಳು, ತುದಿಯ ತೆಂಗಿನಕಾಯಿ ಎತ್ತಿ ಬದಿಗಿಟ್ಟಳು.

"ನಾ ಏನು ಮಾಡಿಬಿಟ್ನೋ ಯಪ್ಪಾ," ಎಂದಳು ಮೆಲ್ಲಗೆ.

"ನೀ ಏನೂ ಮಾಡಿಲ್ಲ ಅತ್ತಿ. ನಾ ಮಾಡೀನಿ."

ಬೊಗಸೆ ಬೊಗಸೆಯಾಗಿ ಹನ್ನೊಂದು ಚೀಲ ಖಾಲಿ ಮಾಡುವುದೆಂದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಆವತ್ತು ಗೊತ್ತಾಯಿತು. ಚಾಚಾ ಅಂಚಿಗೆ ಕಿವಿ ಹಚ್ಚಿ ಕೂತಿದ್ದರು. ಅರ್ಧ ಇಳಿದಾಗ ಒಳಗಿನಿಂದ ಟಕ್ ಎಂದು ಸದ್ದು ಬಂತು. ಎಲ್ಲರ ಕೈ ನಿಂತಿತು. ಅವರು ಬೆರಳೆತ್ತಿ ಕಾದರು. ಇನ್ನೊಂದು ಸದ್ದು ಬರಲಿಲ್ಲ. "ಬಲಗಡೆ ನಿಲ್ಲರಿ, ಎಡಗಡೆ ತಗೀರಿ," ಎಂದರು. ಹಾಳು ಮಾಡಿದ್ದು ಅಂಬಿಗನೂ ಅಲ್ಲ, ಅತ್ತೆಯೂ ಅಲ್ಲ, ಪ್ರತಿ ಸಂಜೆ ನಾನಾಡಿದ "ಅದ" ಎಂಬ ಆ ಒಂದು ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಪಾಲಿಗೆ ಎರಡೂ ಒಂದೇ ದಿನ ಎದುರಿಗೆ ಬಂದು ನಿಂತಿದ್ದವು.

ಮಧ್ಯಾಹ್ನ ಕಳೆದ ಮೇಲೆ ತಳ ಕಂಡಿತು. ಕಂಡಿತು ಎನ್ನುವುದಕ್ಕಿಂತ, ತಳದ ತುಂಬ ಭತ್ತದ ಕಾಳುಗಳು ಅಂಟಿಕೊಂಡಿದ್ದು ಕಂಡಿತು. ಕಿತ್ತ ಕಡೆಯಲ್ಲೆಲ್ಲ ಕಾಳಿನ ಗುರುತು. ಸಾವಿರಾರು ಗುರುತು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ.

ಚಾಚಾ ಬಗ್ಗಿ ಅಂಗೈ ಆಡಿಸಿದರು. ಹೆಬ್ಬೆರಳಿನಿಂದ ಒಂದು ಕಡೆ ಕೆರೆದರು, ಮೂಸಿದರು. "ಮೇಣ ಉಜ್ಜಿದ್ದಿಲ್ಲ ನೀನು?"

"ಇಲ್ರಿ. ಗಡಿಬಿಡಿಯಾಗ ಹಂಗ ಬಿಟ್ಟಿದ್ದೆ."

ಮೆತ್ತನೆಯ ಅರಿವೆ ಕೇಳಿದರು. ಅತ್ತೆ ತನ್ನ ಹಳೇ ಸೀರೆಯನ್ನೇ ಹರಿದು ಕೊಟ್ಟಳು. ಅವರು ಒಂದು ಅಂಗೈಯಷ್ಟು ಜಾಗದ ಮೇಣವನ್ನು ಸ್ವಲ್ಪ ಸ್ವಲ್ಪವೇ ಎತ್ತಿದರು. ಕಾಳಿನ ಗುರುತೆಲ್ಲ ದಪ್ಪ ಮೇಣದಲ್ಲಿತ್ತು. ಅದರ ಅಡಿಯಲ್ಲಿ ಅಚ್ಚಿನ ಮೈ ಮೊದಲಿನ ಹಾಗೇ ಹೊಳೆಯುತ್ತಿತ್ತು. ಅವರಿಗೆ ಅದು ಕಾಣಲಿಲ್ಲ, ಬೆರಳಿಗೆ ಸಿಕ್ಕಿತು.

"ನಿನ್ನ ಮೈಗಳ್ಳತನ ಉಳಿಸ್ತು ನೋಡು," ಎಂದರು. ಯಾರಾದರೂ ನಗಬಹುದಾಗಿತ್ತು, ಯಾರೂ ನಗಲಿಲ್ಲ.

ಮೈ ಉಳಿದಿತ್ತು, ಆಕಾರದ್ದಿನ್ನೂ ಗೊತ್ತಿರಲಿಲ್ಲ. ಅಚ್ಚಿನ ಮೂತಿಯಿಂದ ಹಿಂಬದಿಗೆ ತಳದ ಗೆರೆಯುದ್ದಕ್ಕೂ ದಾರ ಬಿಗಿಹಿಡಿದು ನೋಡಿದೆವು. ನಡುವೆ ದಾರಕ್ಕೂ ಅಚ್ಚಿಗೂ ಒಂದು ಬೆರಳು ಸಂದು. ಜಾರಿದ ಆಸರೆಯ ಜಾಗದಲ್ಲಿ ಹೊಟ್ಟೆ ಇಳಿದಿತ್ತು. ಲಾರಿಯ ಜಾಕು ತಂದು, ಅದರ ಮೇಲೆ ಮಡಚಿದ ಕೌದಿ ಇಟ್ಟು, ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ಅಷ್ಟೇ ಏರಿಸಬೇಕೆಂದರು ಚಾಚಾ. ಅವಸರ ಮಾಡಿದರೆ ಸಿಡಿಯುತ್ತದೆ. ಅವರು ಗಿರಣಿಯಲ್ಲೇ ನಾಲ್ಕು ದಿನ ಉಳಿದರು. ಅತ್ತೆ ಮೂರು ಹೊತ್ತೂ ತಾನೇ ರೊಟ್ಟಿ ಬಡಿದು ಕೊಟ್ಟಳು. ನನ್ನನ್ನು ಯಾರೂ ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನೂ ಉಳಿದೆ, ಜಾಕಿನ ಹಿಡಿಕೆ ತಿರುವುವುದು ನನ್ನ ಕೆಲಸವಾಗಿತ್ತು. ಪ್ರತಿ ಸಲ ತಿರುವುವಾಗ ಎಲ್ಲಿ ಸೀಳು ಸದ್ದು ಕೇಳುತ್ತದೋ ಎಂದು ಹಲ್ಲು ಕಚ್ಚಿಕೊಂಡಿರುತ್ತಿದ್ದೆ.

ನಾಲ್ಕನೆಯ ಸಂಜೆ ದಾರ ಹಿಡಿದಾಗ ಸಂದು ಒಂದು ಭತ್ತದ ಕಾಳಿನ ದಪ್ಪಕ್ಕೆ ಇಳಿದಿತ್ತು. "ಇದರ ಮ್ಯಾಲೆ ಬರಂಗಿಲ್ಲ," ಎಂದರು ಚಾಚಾ. ಶೆಡ್ಡಿನಿಂದ ರಾಳ, ಹಾಸು ತರಿಸಿ, ಮರುದಿನ ಬಿಸಿಲೇರುವ ಮೊದಲೇ ಅಲ್ಲೇ ಒಂದು ದೋಣಿ ಹಾಕಿದೆವು. ಗಟ್ಟಿಯಾದದ್ದನ್ನು ಎಬ್ಬಿಸಲಿಲ್ಲ. ಹಾಗೇ ಒಳಗಿಟ್ಟು, ಶೆಡ್ಡಿಗೆ ತಗಡು ಬಂದ ಮೇಲೆ ರಾಯಚೂರಿಗೆ ತಂದೆವು. ಆಮೇಲೆ ಆ ಅಚ್ಚಿನಿಂದ ತೆಗೆದ ದೋಣಿಗಳು ಎಡಕ್ಕೆ ಚೂರೇ ಎಳೆಯುತ್ತವಂತೆ. ಅಂಬಿಗರು ಅದನ್ನೊಂದು ದೂರೆಂದು ಹೇಳಲಿಲ್ಲ, ಬಲಗೈ ಹುಟ್ಟು ಸ್ವಲ್ಪ ಹಗುರಾಗಿ ಹಾಕಿದರಾಯಿತು ಎನ್ನುತ್ತಾರೆ. ಮೊದಲು ಒಯ್ದ ಅಂಬಿಗ ಆ ಮಳೆಗಾಲವೆಲ್ಲ ನಡುಗಡ್ಡೆಯ ಜನರನ್ನು ದಾಟಿಸಿದ. ದೀಪಾವಳಿಗೆ ಮೀನು ತಂದುಕೊಟ್ಟು ಕೈ ಮುಗಿದ. ನಾನು ಖುಷಿಪಡಬೇಕಿತ್ತು, ಆಗಲಿಲ್ಲ.

ಅತ್ತೆ ಈಗಲೂ ಫೋನ್ ಮಾಡಿದಾಗೆಲ್ಲ ಮೊದಲು ಕೇಳುವುದು, "ತುಂಬೇದ ಇಲ್ಲೋ?" ನಾನು "ತುಂಬೇದ ಅತ್ತಿ" ಎನ್ನುತ್ತೇನೆ. ಆಕೆ ನಂಬುತ್ತಾಳೆ.

ಚಾಚಾ ಆ ವಿಷಯ ಮತ್ತೆ ಎತ್ತಿಲ್ಲ. ನನ್ನನ್ನು ಬೇಟಾ ಎಂದೇ ಕರೆಯುತ್ತಾರೆ, ನನ್ನ ಡಬ್ಬಿಯ ಪಲ್ಯ ತಮ್ಮ ರೊಟ್ಟಿಗೆ ಹಾಕಿಕೊಳ್ಳುತ್ತಾರೆ. ಸಂಜೆ ಕೆಲಸ ಮುಗಿದ ಮೇಲೆ ನಾನು ಅಚ್ಚಿನ ಹತ್ತಿರ ನಿಂತಿರುತ್ತೇನೆ, ಅವರು ಕೇಳಲಿ ಎಂದು. ಅವರು ಬರುತ್ತಾರೆ, ಕೌದಿಯ ಒಂದು ಮೂಲೆ ಎತ್ತುತ್ತಾರೆ, ಕೈ ಒಳಗಿಟ್ಟು ದೋಣಿಯ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಮುಟ್ಟುತ್ತಾರೆ. ಆಮೇಲೆ ಕೌದಿ ಸರಿಮಾಡಿ, ಡಬ್ಬಿ ಎತ್ತಿಕೊಂಡು, ನನ್ನ ಪಕ್ಕದಿಂದಲೇ ಬಸ್ಸಿಗೆ ಹೋಗುತ್ತಾರೆ.